ಡಿಜಿಟಲ್ ಫೊರೆನ್ಸಿಕ್ಸ್ ಸಮ್ಮೇಳನ: ಆನ್‌ಲೈನಾ, ಸಭಾಂಗಣವಾ, ಎರಡೂ ಸೇರಿಸಿಯಾ?

ಮಂಗಳೂರು, ಉಡುಪಿ ಕಡೆಯ ಕಾಲೇಜೊಂದರಲ್ಲಿ ಡಿಜಿಟಲ್ ಫೊರೆನ್ಸಿಕ್ಸ್ (ಕಂಪ್ಯೂಟರ್, ಫೋನುಗಳಿಂದ ಸಾಕ್ಷ್ಯ ತೆಗೆಯುವ ವಿದ್ಯೆ) ಬಗ್ಗೆ ಸಂಶೋಧನಾ ಸಮ್ಮೇಳನ ಮಾಡೋಣ ಎಂದು ಹೊರಟರೆ ಮೊದಲ ಮೀಟಿಂಗಿನಲ್ಲೇ ಈ ಪ್ರಶ್ನೆ ಎದುರಾಗುತ್ತದೆ. ಹೆಚ್ಚಿನ ಕಡೆ ಉತ್ತರ ಬಜೆಟ್ ನೋಡಿ ಸಿಗುತ್ತದೆ. ದುಡ್ಡಿದ್ದರೆ ಸಭಾಂಗಣ, ಇಲ್ಲದಿದ್ದರೆ ಝೂಮ್. ಬೇರೆ ವಿಷಯಗಳಿಗೆ ಆ ಲೆಕ್ಕ ಸಾಕಾಗಬಹುದು. ಈ ವಿಷಯಕ್ಕೆ ಸಾಲದು.

ಇಲ್ಲಿ ಮೊದಲು ಕೇಳಬೇಕಾದದ್ದು ಬೇರೆ. ಪ್ರತಿ ಗೋಷ್ಠಿಯಲ್ಲೂ ಜನರ ಕೈಗೆ ಏನು ಬರುತ್ತದೆ, ಬಾಯಿಗೆ ಏನು ಬರುತ್ತದೆ? ಬರೀ ಸ್ಲೈಡು, ಮಾತು ಆದರೆ ಆನ್‌ಲೈನ್ ಚೆನ್ನಾಗಿಯೇ ನಡೆಯುತ್ತದೆ. ಡಿಸ್ಕಿನ ಪ್ರತಿ, ಬಿಚ್ಚಿದ ಫೋನು, ರೈಟ್ ಬ್ಲಾಕರ್ (ಡಿಸ್ಕಿಗೆ ಏನೂ ಬರೆಯದಂತೆ ತಡೆಯುವ ಸಾಧನ) ಕೈಗೆ ಬರಬೇಕಾದರೆ ಒಂದು ಕೋಣೆ ಬೇಕು. ನಡೆದ ಕೇಸುಗಳ ವಿವರ ಬಾಯಿಗೆ ಬರುವುದಾದರೆ ಬಾಗಿಲು ಹಾಕಿದ ಕೋಣೆಯೇ ಬೇಕು. ಹಾಗಾಗಿ ಇಡೀ ಸಮ್ಮೇಳನಕ್ಕೆ ಒಂದೇ ಉತ್ತರ ಹುಡುಕುವುದಕ್ಕಿಂತ, ಗೋಷ್ಠಿ ಗೋಷ್ಠಿಗೆ ಉತ್ತರ ಹುಡುಕುವುದು ಒಳ್ಳೆಯದು.

ನನ್ನ ಆಯ್ಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕರಾವಳಿಗೆ ಹೊಂದುವುದು ಇದು: ಪ್ರಬಂಧಗಳು, ಆಹ್ವಾನಿತ ಉಪನ್ಯಾಸಗಳು ಆನ್‌ಲೈನಿನಲ್ಲಿ. ಜೊತೆಗೆ ಮಂಗಳೂರಿನಲ್ಲಿ ಒಂದು, ಉಡುಪಿ–ಮಣಿಪಾಲದಲ್ಲಿ ಒಂದು ಲ್ಯಾಬ್ ಕೊಠಡಿ. ಸುತ್ತಲಿನವರು ಅಲ್ಲಿ ಒಟ್ಟಿಗೆ ಕೂತು ಉಪನ್ಯಾಸ ನೋಡುತ್ತಾರೆ, ಪ್ರಾಯೋಗಿಕ ತರಬೇತಿಯನ್ನು ಅಲ್ಲೇ ಮಾಡುತ್ತಾರೆ. ಯಾಕೆ ಹೀಗೆ, ಯಾವಾಗ ಹೀಗಲ್ಲ ಎಂಬುದು ಮುಂದೆ ಬರುತ್ತದೆ.

ಈ ಊರಿನಲ್ಲಿ ಯಾರಿಗಾಗಿ?

ಡಿಜಿಟಲ್ ಫೊರೆನ್ಸಿಕ್ಸ್ ಎಂದರೆ ಕಂಪ್ಯೂಟರ್, ಫೋನ್, ಸಿಸಿಟಿವಿ, ಕ್ಲೌಡ್ ಇವುಗಳಲ್ಲಿ ಉಳಿದ ಗುರುತುಗಳನ್ನು ಕೋರ್ಟು ಒಪ್ಪುವ ರೀತಿಯಲ್ಲಿ ತೆಗೆದು, ಕಾಪಾಡಿ, ವಿವರಿಸುವ ಕೆಲಸ. ಇದರ ಸಂಶೋಧಕರು ಕಂಪ್ಯೂಟರ್ ವಿಭಾಗದಲ್ಲಿರುತ್ತಾರೆ. ಅದನ್ನು ದಿನಾ ಬಳಸುವವರು ಠಾಣೆಯಲ್ಲಿ, ಪ್ರಯೋಗಾಲಯದಲ್ಲಿ, ಕೋರ್ಟಿನಲ್ಲಿ ಇರುತ್ತಾರೆ. ಈ ಎರಡು ಗುಂಪು ಮುಖಾಮುಖಿ ಆಗುವುದೇ ಅಪರೂಪ.

ನಮ್ಮಲ್ಲಿ ಎರಡೂ ಗುಂಪು ಅರವತ್ತು–ಎಪ್ಪತ್ತು ಕಿಲೋಮೀಟರ್ ಒಳಗೇ ಇದೆ. ಸುರತ್ಕಲ್‌ನಲ್ಲಿ ಎನ್‌ಐಟಿಕೆ, ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯ, ಮಣಿಪಾಲದಲ್ಲಿ ಎಂಐಟಿ, ಕಾರ್ಕಳದ ಹತ್ತಿರ ನಿಟ್ಟೆ. ಮಂಗಳೂರಿನಲ್ಲಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇದೆ. ಮಂಗಳೂರಿನಲ್ಲೂ ಉಡುಪಿಯಲ್ಲೂ ಸೆನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಪೊಲೀಸ್ ಠಾಣೆಗಳಿವೆ. ಕಾನೂನು ಕಾಲೇಜುಗಳಿವೆ, ಎರಡೂ ಊರಿನಲ್ಲಿ ಜಿಲ್ಲಾ ನ್ಯಾಯಾಲಯಗಳಿವೆ.

ಅಗತ್ಯವೂ ಹೆಚ್ಚಾಗಿದೆ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಹಳೆಯ ಕಾಯ್ದೆಯ 65ಬಿ ಜಾಗಕ್ಕೆ ಈಗ 63ನೇ ಕಲಂ ಬಂದಿದೆ. ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡುವ ಪ್ರಮಾಣಪತ್ರಕ್ಕೆ ಎರಡು ಭಾಗ. ಒಂದನ್ನು ದಾಖಲೆ ಹಾಜರುಪಡಿಸುವವರು ತುಂಬಬೇಕು, ಇನ್ನೊಂದನ್ನು ತಜ್ಞರು. ಹ್ಯಾಶ್ ಮೌಲ್ಯ (ಕಡತದ ಬೆರಳಚ್ಚಿನಂಥ ಸಂಖ್ಯೆ, ಕಡತ ಚೂರು ಬದಲಾದರೂ ಇದು ಬದಲಾಗುತ್ತದೆ), ಅದನ್ನು ಯಾವ ವಿಧಾನದಲ್ಲಿ ತೆಗೆದದ್ದು ಎಂಬುದನ್ನೂ ಅದರಲ್ಲೇ ಬರೆಯಬೇಕು. ಅದೇ ದಿನ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ, ಜಪ್ತಿಯನ್ನು ಆಡಿಯೋ–ವಿಡಿಯೋದಲ್ಲಿ ದಾಖಲಿಸಬೇಕು. ಅಂದರೆ ಹ್ಯಾಶ್ ಎಂಬ ಮಾತು ಈಗ ಲ್ಯಾಬಿನ ಗೋಡೆ ದಾಟಿ ತನಿಖಾಧಿಕಾರಿಯ ಮೇಜಿಗೆ, ವಕೀಲರ ಪಾಟೀ ಸವಾಲಿಗೆ ಬಂದಿದೆ.

ಈ ಕಾರಣಕ್ಕೆ ಸಂಘಟಕರಲ್ಲಿ ನನ್ನದೊಂದು ಕಳಕಳಿಯ ವಿನಂತಿ. ಸಮ್ಮೇಳನದ ಒಂದು ಗೋಷ್ಠಿಯಾದರೂ ಪೂರ್ತಿ ಕನ್ನಡದಲ್ಲಿ ಇರಲಿ. 63ನೇ ಕಲಮಿನ ಪ್ರಮಾಣಪತ್ರವನ್ನು ತುಂಬುವುದು ಹೇಗೆ, ತಪ್ಪುವುದು ಎಲ್ಲಿ ಎಂದು ಕನ್ನಡದಲ್ಲಿ ಎರಡು ಗಂಟೆ ಹೇಳಿದರೆ ನಮ್ಮ ಠಾಣೆಗಳಿಗೂ ಕೆಳ ನ್ಯಾಯಾಲಯದ ವಕೀಲರಿಗೂ ಆಗುವ ಉಪಯೋಗ ಸಣ್ಣದಲ್ಲ.

ಪೂರ್ತಿ ಆನ್‌ಲೈನ್

ಇದು ಹೊಸ ಪ್ರಯೋಗವೇನಲ್ಲ. ಈ ಕ್ಷೇತ್ರದ ಹೆಸರಾಂತ ಸಮ್ಮೇಳನ ಡಿಎಫ್‌ಆರ್‌ಡಬ್ಲ್ಯುಎಸ್, 2001ರಲ್ಲಿ ನ್ಯೂಯಾರ್ಕ್ ರಾಜ್ಯದ ಯುಟಿಕಾ ಎಂಬ ಊರಿನಲ್ಲಿ ಶುರುವಾದದ್ದು. ಅದು 2020ರಲ್ಲಿ ಯುರೋಪಿನ ಸಮ್ಮೇಳನವನ್ನೂ ಅಮೆರಿಕದ್ದನ್ನೂ ಕೋವಿಡ್ ಕಾರಣದಿಂದ ಆನ್‌ಲೈನಿಗೆ ತಂದಿತು. ಅದರ ಏಷ್ಯಾ–ಪೆಸಿಫಿಕ್ ಶಾಖೆ 2021ರಲ್ಲಿ ಹುಟ್ಟಿದ್ದೇ ಆನ್‌ಲೈನಿನಲ್ಲಿ. ಪ್ರಬಂಧ ಮಂಡನೆ, ಪ್ರಶ್ನೋತ್ತರ, ಮುಖ್ಯ ಉಪನ್ಯಾಸ ಇವೆಲ್ಲ ತೆರೆಯ ಮೇಲೆ ನಡೆಯುತ್ತವೆ ಎಂಬುದು ಅಲ್ಲಿಗೆ ತಿಳಿಯಿತು.

ನಮಗೆ ಇದರ ದೊಡ್ಡ ಲಾಭ ಎರಡು. ಒಂದು, ಹೊರಗಿನ ಉಪನ್ಯಾಸಕರು. ವಿದೇಶದವರನ್ನು ನೇರವಾಗಿ ಕರೆಸಬೇಕಾದರೆ ಕೇಂದ್ರದ ಅನುಮತಿ, ಕಾನ್ಫರೆನ್ಸ್ ವೀಸಾ, ಬಜ್ಪೆಗೆ ಬರುವ ವಿಮಾನ, ಅಲ್ಲಿಂದ ಮಣಿಪಾಲಕ್ಕೆ ಕಾರು, ಇಷ್ಟೂ ಆಗಬೇಕು. ಆನ್‌ಲೈನಿನಲ್ಲಿ ಅವರ ಒಂದು ಗಂಟೆ ಸಮಯ ಸಿಕ್ಕರೆ ಸಾಕು. ಒಂದು ಎಚ್ಚರ ಮಾತ್ರ ಇರಲಿ. ದೇಶದ ಭದ್ರತೆಗೆ ಸಂಬಂಧಿಸಿದ ವಿಷಯಗಳ ಆನ್‌ಲೈನ್ ಅಂತರರಾಷ್ಟ್ರೀಯ ಸಮ್ಮೇಳನಗಳಿಗೂ ಮೊದಲೇ ಅನುಮತಿ ಬೇಕು ಎಂದು 2021ರ ಜನವರಿಯಲ್ಲಿ ಶಿಕ್ಷಣ ಸಚಿವಾಲಯ ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಹೇಳಿತ್ತು. ವಿಜ್ಞಾನಿಗಳು ವಿರೋಧಿಸಿದ ಮೇಲೆ ಮರು ತಿಂಗಳೇ ಆ ಆದೇಶ ವಾಪಸಾಯಿತು. ಆದರೂ ನಮ್ಮ ವಿಷಯ ಭದ್ರತೆಯ ಅಂಚಿನಲ್ಲೇ ಇರುವುದರಿಂದ, ಆ ಹೊತ್ತಿನ ನಿಯಮ ಏನಿದೆ ಎಂದು ರಿಜಿಸ್ಟ್ರಾರ್ ಕಚೇರಿಯಲ್ಲಿ ವಿಚಾರಿಸಿ, ಬರಹದಲ್ಲೇ ಉತ್ತರ ಪಡೆಯಿರಿ.

ಎರಡನೇ ಲಾಭ ಪೊಲೀಸರದ್ದು. ಸೆನ್ ಠಾಣೆಯ ಅಧಿಕಾರಿಗೆ ಎರಡು ದಿನ ಠಾಣೆ ಬಿಟ್ಟು ಬರುವುದು ಕಷ್ಟ. ತಮ್ಮ ಮೇಜಿನಿಂದಲೇ ಬೇಕಾದ ಎರಡು ಉಪನ್ಯಾಸ ಕೇಳುವುದು ಆಗುವ ಮಾತು. ಆದರೆ ಲಿಂಕ್ ಕಳಿಸಿದರೆ ಸಾಕು ಎಂದುಕೊಳ್ಳಬೇಡಿ. ಮಂಗಳೂರು ನಗರಕ್ಕೆ ಪೊಲೀಸ್ ಕಮಿಷನರ್, ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗೆ ಒಬ್ಬೊಬ್ಬ ಎಸ್‌ಪಿ. ಮೂರೂ ಕಚೇರಿಗೆ ಪ್ರತ್ಯೇಕವಾಗಿ, ಸಾಕಷ್ಟು ಮೊದಲೇ ಪತ್ರ ಹೋಗಬೇಕು. ಆ ಪತ್ರದ ಮೇಲೆ ಸಿಕ್ಕ ಅನುಮತಿ ಇದ್ದರೇನೇ ಸಿಬ್ಬಂದಿ ನಿಶ್ಚಿಂತೆಯಿಂದ ಕೂರುತ್ತಾರೆ.

ನಷ್ಟ ಏನು? ಬಿಡುವಿನ ಮಾತು ಹೋಗುತ್ತದೆ. ಚಹಾ, ಗೋಳಿಬಜೆಯ ಹೊತ್ತಿನಲ್ಲಿ ಪ್ರಯೋಗಾಲಯದವರೊಬ್ಬರು ಎಂಟೆಕ್ ವಿದ್ಯಾರ್ಥಿಗೆ "ನಮಗೆ ನಿಜವಾಗಿ ಕಷ್ಟ ಕೊಡುತ್ತಿರುವುದು ಇದು ಮಾರಾಯ" ಎಂದು ಹೇಳುತ್ತಾರಲ್ಲ, ಒಳ್ಳೆಯ ಸಂಶೋಧನಾ ಪ್ರಶ್ನೆ ಹುಟ್ಟುವುದು ಅಲ್ಲಿ. ಡಿಸ್ಕಾರ್ಡ್, ಝುಲಿಪ್ ಥರದ ಚಾಟ್ ಕೊಠಡಿ ಇಟ್ಟರೆ ಸ್ವಲ್ಪ ಮಟ್ಟಿಗೆ ತುಂಬುತ್ತದೆ, ಪೂರ್ತಿ ತುಂಬುವುದಿಲ್ಲ. ಸರ್ಕಾರಿ ಅಧಿಕಾರಿಗಳು ಅಲ್ಲಿ ಬರೆಯಲು ಹಿಂಜರಿಯುತ್ತಾರೆ. ಅದು ಸಹಜವೂ ಹೌದು, ಬರೆದದ್ದು ಉಳಿಯುತ್ತದೆ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಇನ್ನು ಸಮಯ. ಯಾವ ದೇಶದ ಮಾತುಗಾರರು ಎಂಬುದರ ಮೇಲೆ ಇದು ನಿಲ್ಲುತ್ತದೆ. ನಮ್ಮ ಸಂಜೆ 6 ಗಂಟೆ ಅಂದರೆ ಬೇಸಿಗೆಯ ತಿಂಗಳುಗಳಲ್ಲಿ ಲಂಡನ್ನಿನಲ್ಲಿ ಮಧ್ಯಾಹ್ನ 1:30, ಜರ್ಮನಿಯಲ್ಲಿ 2:30, ನ್ಯೂಯಾರ್ಕಿನಲ್ಲಿ ಬೆಳಗ್ಗೆ 8:30. ಚಳಿಗಾಲದಲ್ಲಿ ಅವರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಆಗ ನ್ಯೂಯಾರ್ಕಿನವರು 7:30ಕ್ಕೇ ಎದ್ದು ಕೂರಬೇಕು. ಇದೇ ಹೊತ್ತಿಗೆ ಸಿಂಗಾಪುರದಲ್ಲಿ ರಾತ್ರಿ 8:30, ಅದು ಪರವಾಗಿಲ್ಲ. ಸಿಡ್ನಿಯಲ್ಲಿ ಮಾತ್ರ ಹತ್ತೂವರೆ ದಾಟಿರುತ್ತದೆ. ಕೊರಿಯಾ, ಆಸ್ಟ್ರೇಲಿಯಾದವರಿದ್ದರೆ ನಮ್ಮ ಬೆಳಗ್ಗೆ 10 ಗಂಟೆ ಒಳ್ಳೆಯದು. ಹಾಗಾಗಿ ಒಂದು ಪೂರ್ತಿ ದಿನಕ್ಕಿಂತ ಮೂರು ಸಂಜೆ ಅಥವಾ ಎರಡು ಅರ್ಧ ದಿನ ಮಾಡುವುದು ವಾಸಿ. ತೆರೆ ನೋಡುತ್ತಾ ಎಂಟು ಗಂಟೆ ಕೂರುವುದು ಯಾರಿಂದಲೂ ಆಗುವುದಿಲ್ಲ.

ಮಂಡನೆ ನೇರವಾಗಿ ಇರಬೇಕಾ, ಮೊದಲೇ ರೆಕಾರ್ಡ್ ಮಾಡಿಸಬೇಕಾ? ನನ್ನ ಮಟ್ಟಿಗೆ ಈ ವಿಷಯಕ್ಕೆ ರೆಕಾರ್ಡ್ ಮಾಡಿದ 15 ನಿಮಿಷದ ಮಂಡನೆ, ಆಮೇಲೆ 10 ನಿಮಿಷ ನೇರ ಪ್ರಶ್ನೋತ್ತರ ಉತ್ತಮ. ಕಾರಣ ಇಂಟರ್ನೆಟ್ ಒಂದೇ ಅಲ್ಲ. ಫೊರೆನ್ಸಿಕ್ ಸಾಧನವನ್ನು ನೇರವಾಗಿ ತೆರೆ ಹಂಚಿಕೊಂಡು ತೋರಿಸುವಾಗ ಹಳೆಯ ಕೇಸಿನ ಫೋಲ್ಡರ್ ಹೆಸರು, ಆರೋಪಿಯ ಫೋನ್ ನಂಬರ್, ಪಕ್ಕದಲ್ಲಿ ತೆರೆದಿಟ್ಟ ವಾಟ್ಸ್‌ಆ್ಯಪ್ ಏನಾದರೂ ಕಾಣಿಸಿಕೊಳ್ಳಬಹುದು. ರೆಕಾರ್ಡಿಂಗ್ ಆದರೆ ನೋಡಿ, ಮಸುಕು ಮಾಡಿ ಕಳಿಸಬಹುದು. ಕೇಸಿನಲ್ಲಿ ಸಿಕ್ಕಿದವರು, ಅದರಲ್ಲೂ ನೊಂದವರು, ಯಾರದೋ ಸಂಶೋಧನೆಗಾಗಿ ಇನ್ನೊಮ್ಮೆ ಬಯಲಾಗಬಾರದು. ಈ ಒಂದು ವಿಷಯದಲ್ಲಿ ಸಂಘಟಕರು ಯಾರ ಒತ್ತಾಯಕ್ಕೂ ಮಣಿಯಬಾರದು.

ಆನ್‌ಲೈನ್ ತರಬೇತಿ ಎಲ್ಲಿ ಎಡವುತ್ತದೆ?

ಲೆಕ್ಕ ಹಾಕಿ ನೋಡಿ. 16 ಜಿಬಿ ರ‍್ಯಾಮ್ ಇರುವ ಕಂಪ್ಯೂಟರಿನ ಮೆಮೊರಿಯ ಪ್ರತಿ ತೆಗೆದರೆ ಸುಮಾರು 16 ಜಿಬಿಯ ಕಡತ ಆಗುತ್ತದೆ. ಅದನ್ನು ಮನೆಯ 50 ಎಂಬಿಪಿಎಸ್ ಸಂಪರ್ಕದಲ್ಲಿ ಇಳಿಸಲು, ಎಲ್ಲ ಸರಿ ಇದ್ದರೂ, ಮುಕ್ಕಾಲು ಗಂಟೆ ಹತ್ತಿರ ಬೇಕು. ಫೋನಿನ ಹಾಟ್‌ಸ್ಪಾಟಿನಲ್ಲಿ ದಿನದ ಡೇಟಾ ಮೊದಲೇ ಮುಗಿದಿರುತ್ತದೆ. ಅದೇ 16 ಜಿಬಿಯನ್ನು ಸಭಾಂಗಣದಲ್ಲಿ ಕೂತ 60 ಜನ ಒಂದೇ 300 ಎಂಬಿಪಿಎಸ್ ವೈಫೈನಲ್ಲಿ ಇಳಿಸಲು ಹೊರಟರೆ ಏಳು ಗಂಟೆ ದಾಟುತ್ತದೆ. ಅಷ್ಟರಲ್ಲಿ ತರಬೇತಿಯ ದಿನವೇ ಮುಗಿದಿರುತ್ತದೆ. ಒಳ್ಳೆಯ ಪೆನ್‌ಡ್ರೈವಿನಿಂದ ನಕಲು ಮಾಡಿದರೆ ಕೆಲವೇ ನಿಮಿಷದ ಕೆಲಸ.

ಇದಕ್ಕೆ ದಾರಿಗಳಿವೆ. ಸುಲಭವಾದದ್ದು, ಸಣ್ಣ ಪ್ರತಿ ತಯಾರಿಸುವುದು. 1 ಅಥವಾ 2 ಜಿಬಿ ರ‍್ಯಾಮ್ ಕೊಟ್ಟ ವರ್ಚುವಲ್ ಮೆಷಿನ್ (ಕಂಪ್ಯೂಟರಿನೊಳಗೇ ಓಡುವ ಇನ್ನೊಂದು ಕಂಪ್ಯೂಟರ್) ಒಂದರಲ್ಲಿ ನೀವೇ ಸನ್ನಿವೇಶ ಕಟ್ಟಿ, ಅದರ ಮೆಮೊರಿ ತೆಗೆದರೆ ಕಡತವೂ ಚಿಕ್ಕದು, ಯಾರ ಖಾಸಗಿ ಮಾಹಿತಿಯೂ ಅದರಲ್ಲಿ ಇರುವುದಿಲ್ಲ. ಮೆಮೊರಿ ವಿಶ್ಲೇಷಿಸುವ ವೊಲಾಟಿಲಿಟಿ ಎಂಬ ಸಾಧನವನ್ನು ಕಲಿಸಲು ಅಷ್ಟು ಧಾರಾಳವಾಗಿ ಸಾಕು. ಒಂದು ವಾರ ಮೊದಲೇ ಲಿಂಕ್ ಕಳಿಸಿ. ಜೊತೆಗೆ ಎಸ್‌ಎಚ್‌ಎ-256 ಹ್ಯಾಶ್ ಕೊಟ್ಟು, ಇಳಿಸಿದವರೆಲ್ಲ ಅದನ್ನು ತಾಳೆ ನೋಡಿ ಉತ್ತರ ಕಳಿಸಲಿ. ಯಾರ ಕಡತ ಕೆಟ್ಟಿದೆ ಎಂದು ಮೊದಲೇ ಗೊತ್ತಾಗುತ್ತದೆ. ತರಬೇತಿಯ ಮೊದಲ ಪಾಠವೂ ಅಲ್ಲೇ ಆಗಿಹೋಗುತ್ತದೆ.

ಅಭ್ಯಾಸಕ್ಕೆಂದೇ ಮಾಡಿಟ್ಟ ಸಿದ್ಧ ಡೇಟಾ ಬೇಕಾದರೆ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನ ಸಿಎಫ್‌ರೆಡ್ಸ್ ಇದೆ, ಡಿಜಿಟಲ್ ಕಾರ್ಪೊರಾ ಇದೆ. ಡಿಜಿಟಲ್ ಕಾರ್ಪೊರಾದಲ್ಲಿ 2009ರಲ್ಲಿ ಒಂದು ಕಲ್ಪಿತ ಕಂಪನಿಯ ಸುತ್ತ ಕಟ್ಟಿದ ಎಂ57 ಸನ್ನಿವೇಶ ಕಾಲೇಜು ಮಕ್ಕಳಿಗೆ ತುಂಬಾ ಚೆನ್ನಾಗಿದೆ. ಒಂದನ್ನು ಮಾತ್ರ ಮಾಡಬೇಡಿ. ಗುಜರಿಯಿಂದ ಹಳೆಯ ಹಾರ್ಡ್ ಡಿಸ್ಕ್, ಹಳೆಯ ಫೋನ್ ತಂದು ವಿದ್ಯಾರ್ಥಿಗಳ ಮುಂದೆ ಇಡಬೇಡಿ. ಅದರಲ್ಲಿ ಯಾರದೋ ಮನೆಯ ಫೋಟೋ, ಬ್ಯಾಂಕ್ ವಿವರ ಇರುತ್ತದೆ. ಅವರ ಒಪ್ಪಿಗೆ ನಿಮ್ಮಲ್ಲಿ ಇಲ್ಲ.

ಸಾಫ್ಟ್‌ವೇರಿನ ತೊಂದರೆಯೂ ಇದೆ. ದುಬಾರಿ ವಾಣಿಜ್ಯ ಸಾಧನಗಳಲ್ಲಿ ಹಲವು ಯುಎಸ್‌ಬಿ ಡಾಂಗಲ್ (ಪರವಾನಗಿಯ ಕೀಲಿ) ಚುಚ್ಚಿದರೆ ಮಾತ್ರ ತೆರೆಯುತ್ತವೆ. ಮನೆಯಲ್ಲಿ ಕೂತವರಿಗೆ ಡಾಂಗಲ್ ಎಲ್ಲಿಂದ ಬರಬೇಕು? ಆನ್‌ಲೈನ್ ತರಬೇತಿ ಎಂದ ಮೇಲೆ ಆಟಾಪ್ಸಿ, ವೊಲಾಟಿಲಿಟಿ, ವೈರ್‌ಶಾರ್ಕ್ ಥರದ ಮುಕ್ತ ಸಾಧನಗಳನ್ನೇ ಆರಿಸಿಕೊಳ್ಳಿ. ವಿದ್ಯಾರ್ಥಿಗಳ ಲ್ಯಾಪ್‌ಟಾಪಿನಲ್ಲಿ ಹೆಚ್ಚಾಗಿ 8 ಜಿಬಿ ರ‍್ಯಾಮ್ ಇರುತ್ತದೆ ಎಂದೇ ಇಟ್ಟುಕೊಂಡು ಯೋಜಿಸಿ. ಮೀಟಿಂಗ್ ಆ್ಯಪ್, ಬ್ರೌಸರ್, ಅದರ ಮೇಲೆ ವರ್ಚುವಲ್ ಮೆಷಿನ್ ಎಲ್ಲ ಒಟ್ಟಿಗೆ ಓಡಿದರೆ ಅದು ಏದುಸಿರು ಬಿಡುತ್ತದೆ.

ಇನ್ನು ಚಿಪ್ ಬಿಚ್ಚುವುದು, ಜೆಟ್ಯಾಗ್ (ಬೋರ್ಡಿನ ಪರೀಕ್ಷಾ ಬಿಂದುಗಳು) ಮೂಲಕ ಓದುವುದು, ಫೋನನ್ನು ಸಿಗ್ನಲ್ ತಡೆಯುವ ಫ್ಯಾರಡೆ ಚೀಲಕ್ಕೆ ಹಾಕುವುದು, ರೈಟ್ ಬ್ಲಾಕರ್ ಜೋಡಿಸುವುದು ಇವೆಲ್ಲ ಕೈಯ ಕೆಲಸ. ಈಜುವುದನ್ನು ದಡದಲ್ಲಿ ಕೂತು ಕಲಿಯುವುದು ಎಷ್ಟು ಆಗುತ್ತದೋ ಇದನ್ನು ತೆರೆ ನೋಡಿ ಕಲಿಯುವುದೂ ಅಷ್ಟೇ. ನಿಮ್ಮ ಸಮ್ಮೇಳನದ ಮುಖ್ಯ ಗುರಿ ಇದೇ ಆಗಿದ್ದರೆ ಆನ್‌ಲೈನಿನ ಆಸೆ ಬಿಟ್ಟುಬಿಡಿ. ಮೂವತ್ತು ಜನರ ಚಿಕ್ಕ ಮುಖಾಮುಖಿ ಕಾರ್ಯಾಗಾರ ಮಾಡಿ.

ಪೂರ್ತಿ ಸಭಾಂಗಣ

ಬಜೆಟ್ ಇದ್ದು, ನವೆಂಬರ್‌ನಿಂದ ಫೆಬ್ರವರಿ ಒಳಗೆ ಮಾಡುವುದಾದರೆ ಇದು ಈಗಲೂ ಒಳ್ಳೆಯ ಆಯ್ಕೆ. ಆ ತಿಂಗಳುಗಳಲ್ಲಿ ಮದುವೆ, ಕಂಬಳ, ಜಾತ್ರೆ ಎಲ್ಲ ಇರುತ್ತವೆ, ಕೊಠಡಿ ಬೇಗ ಕಾದಿರಿಸಿ. ಉಡುಪಿಯಲ್ಲಾದರೆ ಕೃಷ್ಣಮಠದ ಪರ್ಯಾಯ ಉತ್ಸವದ ದಿನ ನೋಡಿಕೊಳ್ಳಿ. ಸಮ ಸಂಖ್ಯೆಯ ವರ್ಷಗಳಲ್ಲಿ ಜನವರಿ 18ರ ಆಸುಪಾಸು ಊರಿನಲ್ಲಿ ರೂಮು ಸಿಗುವುದು ಕಷ್ಟ.

ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಗಿನವರನ್ನು ನಂಬಿಕೊಂಡು ಸಭಾಂಗಣದ ಸಮ್ಮೇಳನ ಇಡಬೇಡಿ. ಶಿರಾಡಿಯಲ್ಲಿ ಗುಡ್ಡ ಜಾರಿದರೆ ಬೆಂಗಳೂರಿನ ಬಸ್ಸು ನಿಂತಿತು. ಸಕಲೇಶಪುರ–ಸುಬ್ರಹ್ಮಣ್ಯ ಹಳಿಯ ಮೇಲೆ ಮಣ್ಣು ಬಿದ್ದರೆ ರೈಲೂ ನಿಂತಿತು. ಇದು ಪ್ರತಿ ವರ್ಷ ನೋಡುವ ಸಂಗತಿ ತಾನೇ?

ಎರಡನ್ನೂ ಬೆರೆಸಿದರೆ

ಹೈಬ್ರಿಡ್ ಎಂದರೆ ಎಲ್ಲರಿಗೂ ಅನುಕೂಲ ಎಂಬ ಭಾವನೆ ಇದೆ. ಚಿಕ್ಕ ತಂಡಕ್ಕೆ ಇದು ಅತಿ ಕಷ್ಟದ ದಾರಿ. ಒಂದೇ ಹೊತ್ತಿಗೆ ಎರಡು ಸಮ್ಮೇಳನ ನಡೆಸಬೇಕು. ಸಭಾಂಗಣದಲ್ಲಿ ಒಬ್ಬರು ಮೈಕ್ ಇಲ್ಲದೆ ಪ್ರಶ್ನೆ ಕೇಳುತ್ತಾರೆ, ಆನ್‌ಲೈನಿನವರಿಗೆ ಕೇಳಿಸುವುದಿಲ್ಲ. ಅವರು ಚಾಟಿನಲ್ಲಿ ಕೇಳಿದ್ದು ವೇದಿಕೆಗೆ ತಲುಪುವುದಿಲ್ಲ. ಊಟದ ಹೊತ್ತಿಗೆ ಆನ್‌ಲೈನಿನ ಅರ್ಧ ಜನ ಎದ್ದು ಹೋಗಿರುತ್ತಾರೆ.

ಮಾಡಲೇಬೇಕಾದರೆ ಎರಡು ಕೆಲಸ ತಪ್ಪಿಸಬೇಡಿ. ಲ್ಯಾಪ್‌ಟಾಪಿನ ಮೈಕನ್ನು ನಂಬದೆ, ಸೌಂಡ್ ಮಿಕ್ಸರಿನಿಂದ ನೇರ ತಂತಿ ಎಳೆದು ಕಂಪ್ಯೂಟರಿಗೆ ಕೊಡಿ. ನಮ್ಮಲ್ಲಿ ಶೀಟ್ ಹಾಕಿದ ಸಭಾಂಗಣಗಳು ಜಾಸ್ತಿ, ಜೋರು ಮಳೆ ಬಂದರೆ ಲ್ಯಾಪ್‌ಟಾಪಿನ ಮೈಕಿಗೆ ಮಳೆ ಮಾತ್ರ ಕೇಳಿಸುತ್ತದೆ. ಎರಡನೆಯದು, ಆನ್‌ಲೈನಿನವರ ಪರವಾಗಿ ಮಾತಾಡಲು ಒಬ್ಬರನ್ನು ನೇಮಿಸಿ, ಅವರಿಗೆ ಬೇರೆ ಯಾವ ಕೆಲಸವನ್ನೂ ಕೊಡಬೇಡಿ. ಪ್ರತಿ ಮಂಡನೆಯ ಮೊದಲ ಪ್ರಶ್ನೆ ಅವರಿಂದಲೇ ಬರಲಿ.

ಆನ್‌ಲೈನ್ ಜೊತೆ ಎರಡು ಕೊಠಡಿ

ನಾನು ಹೇಳುವ ದಾರಿ ಹೈಬ್ರಿಡ್‌ಗಿಂತ ಬೇರೆ. ಇಲ್ಲಿ ಸಮ್ಮೇಳನ ನಡೆಯುವುದು ಆನ್‌ಲೈನಿನಲ್ಲೇ. ಮಾತುಗಾರರೆಲ್ಲ ತೆರೆಯ ಮೇಲೆ, ಎಲ್ಲರಿಗೂ ಒಂದೇ ನಿಯಮ. ಕೊಠಡಿಗಳು ಒಟ್ಟಿಗೆ ಕೂತು ನೋಡುವ, ಒಟ್ಟಿಗೆ ಕೈ ಆಡಿಸುವ ಜಾಗಗಳು ಅಷ್ಟೇ. ಮಂಗಳೂರು ಕಡೆಯವರಿಗೆ ಒಂದು ಕಾಲೇಜಿನ ಲ್ಯಾಬ್, ಉಡುಪಿ–ಕಾರ್ಕಳ–ಕುಂದಾಪುರದವರಿಗೆ ಇನ್ನೊಂದು. ಅರುವತ್ತು ಕಿಲೋಮೀಟರ್ ಹೆದ್ದಾರಿಯಲ್ಲಿ ಓಡಾಡುವ ಕಷ್ಟ ಯಾರಿಗೂ ಇಲ್ಲ.

ಬೆಳಗ್ಗೆ ಕೊಠಡಿಯಲ್ಲಿ ತರಬೇತಿ. ಡೇಟಾ ಮೊದಲೇ ಲ್ಯಾಬಿನ ಕಂಪ್ಯೂಟರುಗಳಲ್ಲಿ ಇರುತ್ತದೆ, ಡಾಂಗಲ್ ಇದ್ದರೆ ಚುಚ್ಚಿರುತ್ತದೆ. ಮಧ್ಯಾಹ್ನ ಕನ್ನಡದ ಗೋಷ್ಠಿ. ಸಂಜೆ 6ರಿಂದ ಆನ್‌ಲೈನ್ ಪ್ರಬಂಧಗಳು. ಮನೆಗೆ ಹೋಗುವವರು ಹೋಗಿ ಅಲ್ಲಿಂದಲೇ ಸೇರಬಹುದು. ಪೊಲೀಸರು, ವಕೀಲರು, ವಿದ್ಯಾರ್ಥಿಗಳು ಒಂದೇ ಮೇಜಿನಲ್ಲಿ ಕೂರುವ ಅವಕಾಶವೂ ಉಳಿಯುತ್ತದೆ. ಮೊದಲ ಸಲ ಪ್ರಬಂಧ ಮಂಡಿಸುವ ನಮ್ಮ ಮಕ್ಕಳು ಹಾಸ್ಟೆಲಿನ ಮೂಲೆಯಿಂದ ಮಾತಾಡುವ ಬದಲು ಒಳ್ಳೆಯ ಮೈಕ್, ಗಟ್ಟಿ ಇಂಟರ್ನೆಟ್ ಇರುವ ಕೊಠಡಿಯಿಂದ ಮಾತಾಡಬಹುದು. ಅವರ ಕೆಲಸಕ್ಕೆ ಅಷ್ಟು ಗೌರವ ಸಿಗಬೇಕು.

ಸ್ಪರ್ಧೆಗೂ ಇದು ಹೊಂದುತ್ತದೆ. ಡಿಎಫ್‌ಆರ್‌ಡಬ್ಲ್ಯುಎಸ್ 2005ರಲ್ಲಿ ಕೊಟ್ಟ ಸವಾಲು ಮೆಮೊರಿ ವಿಶ್ಲೇಷಣೆಯ ಸಂಶೋಧನೆಗೇ ಒಂದು ದೊಡ್ಡ ತಳ್ಳು ಕೊಟ್ಟಿತು. ನಮ್ಮ ಮಟ್ಟದಲ್ಲೂ ಒಂದು ಒಗಟು ಕೊಡಿ, ಮಂಗಳೂರು ಕೊಠಡಿಯೂ ಉಡುಪಿ ಕೊಠಡಿಯೂ ಪೈಪೋಟಿಗೆ ಇಳಿಯಲಿ.

ಮಳೆಗಾಲದಲ್ಲಾದರೆ ಒಂದು ಮಾತು. ಕರೆಂಟ್ ಹೋಗುತ್ತದೆ ಎಂದೇ ಯೋಜಿಸಿ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಆದರೆ ಫೈಬರ್ ಪೆಟ್ಟಿಗೆಗೂ ರೌಟರಿಗೂ ಯುಪಿಎಸ್ ಇದೆಯಾ? ಬಹಳ ಕಡೆ ಮರೆಯುವುದು ಅದನ್ನೇ. ಎರಡು ಕಂಪನಿಯ ಸಂಪರ್ಕ ಇದ್ದರೂ ಎರಡು ತಂತಿ ಒಂದೇ ಕಂಬದ ಮೇಲೆ ಬರುತ್ತಿದ್ದರೆ ಒಂದು ಕೊಂಬೆ ಬಿದ್ದರೆ ಎರಡೂ ಹೋದವು. ಮೂರನೆಯದಾಗಿ ಮೊಬೈಲ್ ಡೇಟಾ ಇರಲಿ. ಹಿಂದಿನ ಸಂಜೆ ಜಿಲ್ಲಾಧಿಕಾರಿ ರಜೆ ಘೋಷಿಸಿದರೆ ಕೊಠಡಿಯ ಭಾಗ ಮುಂದಕ್ಕೆ ಹೋಗುತ್ತದೆ, ಆನ್‌ಲೈನ್ ಭಾಗ ನಿಲ್ಲುವುದಿಲ್ಲ ಎಂದು ಆಹ್ವಾನದಲ್ಲೇ ಬರೆದುಬಿಡಿ. ಈ ವ್ಯವಸ್ಥೆಯ ಬಲವೇ ಅದು.

ಯಾವ ವೇದಿಕೆ?

ಇದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಬೇಡ. ಝೂಮ್‌ನ ಉಚಿತ ಆವೃತ್ತಿ 100 ಜನ, 40 ನಿಮಿಷಕ್ಕೆ ನಿಲ್ಲುತ್ತದೆ. ಗೂಗಲ್ ಮೀಟ್‌ನದ್ದು 100 ಜನ, 60 ನಿಮಿಷ. ಎರಡೂ ಸಾಲದು. ಕಾಲೇಜಿನ ಹೆಸರಿನಲ್ಲಿ ಟೀಮ್ಸ್ ಅಥವಾ ಮೀಟ್ ಪರವಾನಗಿ ಇದ್ದರೆ ಅದನ್ನೇ ಬಳಸಿ. ದುಡ್ಡು ಹಾಕುವುದಾದರೆ ಝೂಮ್ ವೆಬಿನಾರ್ ಪ್ರಬಂಧ ಗೋಷ್ಠಿಗೆ ಹೇಳಿ ಮಾಡಿಸಿದ್ದು. ಕೇಳುಗರು ಮೈಕ್ ತಾವೇ ತೆರೆಯಲಾರರು, ಪ್ರಶ್ನೆಗಳು ಒಂದೇ ಕಡೆ ಬಂದು ಸೇರುತ್ತವೆ. ಸರ್ವರ್ ನೋಡಿಕೊಳ್ಳುವ ಗಟ್ಟಿ ಮನುಷ್ಯ ಕಾಲೇಜಿನಲ್ಲಿದ್ದರೆ ಬಿಗ್‌ಬ್ಲೂಬಟನ್ ಒಳ್ಳೆಯದು. ಅದು ಮುಕ್ತ ತಂತ್ರಾಂಶ, ನಮ್ಮದೇ ಯಂತ್ರದಲ್ಲಿ ಓಡುತ್ತದೆ, ರೆಕಾರ್ಡಿಂಗ್ ಹೊರಗೆ ಹೋಗುವುದಿಲ್ಲ. ಸಾರ್ವಜನಿಕ ಉಪನ್ಯಾಸವನ್ನು ಯೂಟ್ಯೂಬ್‌ನಲ್ಲಿ ನೇರ ತೋರಿಸುವುದಾದರೆ ಚಾನೆಲಿನಲ್ಲಿ ಆ ಸೌಲಭ್ಯವನ್ನು ಮೊದಲೇ ತೆರೆದಿಡಿ. ಮೊದಲ ಸಲಕ್ಕೆ ಅದು ಸಿಗಲು 24 ಗಂಟೆ ತನಕ ಹಿಡಿಯಬಹುದು.

ವೇದಿಕೆಗಿಂತ ಮುಖ್ಯವಾದದ್ದು ಬಾಗಿಲು ಕಾಯುವುದು. 2023ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ವಿಡಿಯೋ ಕಲಾಪದೊಳಗೆ ಕಿಡಿಗೇಡಿಗಳು ನುಗ್ಗಿ ಅಶ್ಲೀಲ ದೃಶ್ಯ ತೋರಿಸಿದರು. ವಿಡಿಯೋ ಕಲಾಪ, ನೇರ ಪ್ರಸಾರ ಎರಡನ್ನೂ ಸ್ವಲ್ಪ ಕಾಲ ನಿಲ್ಲಿಸಬೇಕಾಯಿತು. ಹೈಕೋರ್ಟಿಗೇ ಹೀಗಾದ ಮೇಲೆ ನಮ್ಮ ಸಮ್ಮೇಳನದ ಲಿಂಕನ್ನು ಪೋಸ್ಟರಿನಲ್ಲಿ ಹಾಕಿ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬಿಡುವುದು ಸರಿಯಾ? ನೋಂದಣಿ ಮಾಡಿದವರಿಗೆ ಮಾತ್ರ ಒಬ್ಬೊಬ್ಬರಿಗೂ ಬೇರೆ ಬೇರೆ ಲಿಂಕ್ ಕೊಡಿ. ಕಾಯುವ ಕೊಠಡಿ ಇರಲಿ. ತೆರೆ ಹಂಚುವ ಅಧಿಕಾರ ಮಂಡಿಸುವವರಿಗೆ ಮಾತ್ರ ಇರಲಿ.

ಪ್ರತಿ ಮಂಡನೆಗೂ ಗುಟ್ಟಿನ ಮಟ್ಟವನ್ನು ಮೊದಲೇ ಗೊತ್ತು ಮಾಡಿ. ಸೈಬರ್ ಭದ್ರತೆಯವರು ಬಳಸುವ ಟ್ರಾಫಿಕ್ ಲೈಟ್ ಪದ್ಧತಿ ಇದಕ್ಕೆ ಸಾಕು. ಕೆಂಪು ಎಂದರೆ ಆ ಕೋಣೆಯಲ್ಲಿ ಇದ್ದವರಿಗೆ ಮಾತ್ರ. ಅಂಬರ್ (ಹಳದಿ) ಎಂದರೆ ತಮ್ಮ ಸಂಸ್ಥೆ, ಅದರ ಗ್ರಾಹಕರಲ್ಲಿ ಅಗತ್ಯ ಇದ್ದವರಿಗೆ. ಹಸಿರು ಎಂದರೆ ಇದೇ ಕ್ಷೇತ್ರದವರಿಗೆ. ಕ್ಲಿಯರ್ ಎಂದರೆ ಎಲ್ಲರಿಗೂ. ಕ್ಲಿಯರ್ ಮಾತ್ರ ಯೂಟ್ಯೂಬಿಗೆ ಹೋಗಲಿ. ಹಸಿರು, ಅಂಬರ್ ನೋಂದಾಯಿತರಿಗೆ, ಅಂಬರ್ ಆದರೆ ರೆಕಾರ್ಡಿಂಗ್ ಇಲ್ಲದೆ. ಕೆಂಪನ್ನು ಆನ್‌ಲೈನಿಗೆ ತರಲೇಬೇಡಿ. ಎದುರಿನ ಫೋನು ತೆರೆಯನ್ನು ಚಿತ್ರೀಕರಿಸುವುದನ್ನು ಯಾವ ಸೆಟ್ಟಿಂಗೂ ತಡೆಯುವುದಿಲ್ಲ. ಅಂಥ ಮಾತಿಗೆ ನಮ್ಮ ಎರಡು ಕೊಠಡಿಗಳಲ್ಲಿ ಒಂದಿದೆ. ಫೋನುಗಳನ್ನು ಹೊರಗಿಟ್ಟು ಬನ್ನಿ ಎಂದರೆ ಆಯಿತು.

ಪ್ರಬಂಧಗಳ ಗುಣಮಟ್ಟ

ಆನ್‌ಲೈನ್ ಎಂದ ಕೂಡಲೇ ಖರ್ಚು ಇಳಿಯುತ್ತದೆ, ಪ್ರಬಂಧಗಳ ಸಂಖ್ಯೆ ಏರಿಸುವ ಆಸೆ ಬರುತ್ತದೆ. ಒಂದೇ ದಿನ ನಾಲ್ಕು ಕೊಠಡಿಯಲ್ಲಿ ಐದೈದು ನಿಮಿಷದ ಮಂಡನೆ, ಸಂಜೆ ಎಲ್ಲರಿಗೂ ಇ-ಪ್ರಮಾಣಪತ್ರ. ಅದರಿಂದ ಯಾರಿಗೂ ಏನೂ ಸಿಗುವುದಿಲ್ಲ. ಹನ್ನೆರಡು ಒಳ್ಳೆಯ ಪ್ರಬಂಧ ಸಾಕು. ಒಂದೊಂದನ್ನೂ ಇಬ್ಬರು ಹೊರಗಿನವರು ಓದಲಿ. ಮೈಕ್ರೋಸಾಫ್ಟ್ ಸಿಎಂಟಿ, ಈಸಿಚೇರ್, ಹಾಟ್‌ಸಿಆರ್‌ಪಿ ಇದಕ್ಕೇ ಇರುವ ಸಾಧನಗಳು. ಲೇಖಕರ ಹೆಸರು ಮುಚ್ಚಿ ಪರಿಶೀಲನೆ ಮಾಡುವುದಾದರೆ ಪಿಡಿಎಫ್ ಕಡತದ ಮೆಟಾಡೇಟಾದಲ್ಲಿ (ಕಡತದೊಳಗೆ ಅಡಗಿರುವ ವಿವರದಲ್ಲಿ) ಹೆಸರು ಉಳಿದಿದೆಯಾ ನೋಡಿ. ಈ ಕ್ಷೇತ್ರದ ಪರಿಶೀಲಕರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಪ್ರಬಂಧದ ಜೊತೆ ಡೇಟಾ ಮತ್ತು ಕೋಡ್ ಕೊಡಿ ಎಂದು ಕೇಳಿ. ಇನ್ನೊಬ್ಬರು ಅದೇ ಡೇಟಾ ಇಟ್ಟುಕೊಂಡು ಅದೇ ಫಲಿತಾಂಶಕ್ಕೆ ಬರಲಾಗದಿದ್ದರೆ ಅಂಥ ವಿಧಾನ ನಾಳೆ ಕೋರ್ಟಿನಲ್ಲಿ ಹೇಗೆ ನಿಲ್ಲುತ್ತದೆ? ಹಂಚಬಹುದಾದ ಡೇಟಾವನ್ನು ಝೆನೊಡೊ ಎಂಬ ಆನ್‌ಲೈನ್ ಸಂಗ್ರಹದಲ್ಲಿ ಇಟ್ಟರೆ ಡಿಒಐ ಎಂಬ ಶಾಶ್ವತ ಗುರುತಿನ ಸಂಖ್ಯೆ ಉಚಿತವಾಗಿ ಸಿಗುತ್ತದೆ, ಮುಂದೆ ಓದುವವರಿಗೆ ಕೊಂಡಿ ತಪ್ಪುವುದಿಲ್ಲ.

ಹೇಗೆ ತೀರ್ಮಾನಿಸಬೇಕು?

ಕಾರ್ಯಕ್ರಮದ ಪಟ್ಟಿ ಬರೆದು ಪ್ರತಿ ಗೋಷ್ಠಿಯ ಎದುರು ಎರಡು ಗುರುತು ಹಾಕಿ. ಕೈಗೆ ಏನಾದರೂ ಬರಬೇಕಾ? ಗುಟ್ಟು ಇದೆಯಾ? ಎರಡಕ್ಕೂ ಇಲ್ಲ ಎಂಬ ಉತ್ತರವೇ ಹೆಚ್ಚಾಗಿದ್ದರೆ ಪೂರ್ತಿ ಆನ್‌ಲೈನ್ ಮಾಡಿ, ಕೊಠಡಿಯ ಗೋಜು ಬೇಡ. ಕೈ ಕೆಲಸ ಮೂರನೇ ಒಂದು ಭಾಗದಷ್ಟು ಇದ್ದರೆ ಆನ್‌ಲೈನ್ ಜೊತೆ ಎರಡು ಕೊಠಡಿ. ಅರ್ಧಕ್ಕಿಂತ ಜಾಸ್ತಿ ಇದ್ದರೆ ಮಳೆ ಕಳೆದ ಮೇಲೆ ಚಿಕ್ಕ ಮುಖಾಮುಖಿ ಸಮ್ಮೇಳನ. ಹೈಬ್ರಿಡ್ ಬೇಕೇ ಬೇಕು ಎಂದು ಆಡಳಿತ ಮಂಡಳಿ ಹಟ ಹಿಡಿದರೆ, ಧ್ವನಿಗೆ ಮತ್ತು ಆನ್‌ಲೈನಿನವರಿಗೆ ಪ್ರತ್ಯೇಕ ತಂಡ ಕೊಡಿ ಎಂದು ಮೊದಲೇ ಕೇಳಿ, ಒಪ್ಪಿದ ಮೇಲೆ ಮುಂದುವರಿಯಿರಿ.

ಯಾವುದನ್ನೇ ಆರಿಸಿದರೂ ಸಮ್ಮೇಳನಕ್ಕೆ ಹತ್ತು ದಿನ ಮೊದಲು ಅದೇ ಕೊಠಡಿ, ಅದೇ ಇಂಟರ್ನೆಟ್, ಅದೇ ಜನ ಇಟ್ಟುಕೊಂಡು ಒಂದು ಗಂಟೆ ಪೂರ್ತಿ ತಾಲೀಮು ನಡೆಸಿ. ಮಧ್ಯೆ ಒಮ್ಮೆ ಬೇಕೆಂದೇ ಮೇನ್ ಸ್ವಿಚ್ ತೆಗೆದು ನೋಡಿ. ನೋಂದಣಿಗೆ ಹೆಸರು, ಸಂಸ್ಥೆ, ಇಮೇಲ್ ಇಷ್ಟೇ ಕೇಳಿ, ಆಧಾರ್ ಗೀಧಾರ್ ಬೇಡ. ರೆಕಾರ್ಡಿಂಗ್‌ಗಳನ್ನು ಎಷ್ಟು ದಿನ ಇಡುತ್ತೀರಿ, ಯಾರ ಬಳಿ ಇರುತ್ತವೆ, ಅಳಿಸುವವರು ಯಾರು ಎಂಬುದನ್ನು ನೋಂದಣಿ ಫಾರ್ಮಿನಲ್ಲೇ ಬರೆಯಿರಿ. ಆ ದಿನ ಬಂದಾಗ ಅಳಿಸಿ, ಅಳಿಸಿದ್ದೇವೆ ಎಂದು ಮಂಡಿಸಿದವರಿಗೆ ಒಂದು ಇಮೇಲ್ ಹಾಕಿ.